ಬೈದದ್ದು ಕೇಬಲ್ಲಿಗೆ, ತಪ್ಪು ಚೀಟಿಯದು

ತಂಗಿಯ ಮಗನ ನಾಮಕರಣದ ವಿಡಿಯೋ 4 ಜಿಬಿ ಇತ್ತು. ಫೋನಿನಿಂದ ಲ್ಯಾಪ್‌ಟಾಪಿಗೆ ಬರಲು ಎರಡು ನಿಮಿಷ ಸಾಕಾಯಿತು. ಅದೇ ಕೇಬಲ್ಲಿನಲ್ಲಿ ವಾಟ್ಸ್‌ಆಪ್ ಫೋಟೋಗಳ ಫೋಲ್ಡರನ್ನೂ ಎಳೆಯಲು ಹೋದೆ. ಅದೂ ಹೆಚ್ಚುಕಮ್ಮಿ 4 ಜಿಬಿನೇ. ಕಾಫಿ ಕುಡಿದು ಬಂದೆ, ಸ್ನಾನ ಮುಗಿಸಿ ಬಂದೆ, ಹಸಿರು ಪಟ್ಟಿ ಇನ್ನೂ ಅರ್ಧ ದಾರಿಯಲ್ಲೇ ಇತ್ತು. ಕೇಬಲ್ ಕೆಟ್ಟಿದೆ ಅಂತ ಬೈದುಕೊಂಡೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ಮೊದಲಿನ ಆಂಡ್ರಾಯ್ಡ್ ಫೋನುಗಳನ್ನು ಕಂಪ್ಯೂಟರಿಗೆ ಚುಚ್ಚಿದರೆ ಪೆನ್‌ಡ್ರೈವಿನ ಹಾಗೆ ತೆರೆದುಕೊಳ್ಳುತ್ತಿದ್ದವು. ಅಂದರೆ ಫೋನು ತನ್ನ ಉಗ್ರಾಣದ ಬೀಗದಕೈಯನ್ನೇ ಕಂಪ್ಯೂಟರಿನ ಕೈಗೆ ಕೊಟ್ಟುಬಿಡುತ್ತಿತ್ತು. ವೇಗವೇನೋ ಚೆನ್ನಾಗಿತ್ತು. ಆದರೆ ಅಷ್ಟು ಹೊತ್ತು ಫೋನಿಗೆ ತನ್ನ ಉಗ್ರಾಣದೊಳಗೆ ತನಗೇ ಪ್ರವೇಶ ಇಲ್ಲ. ಮಧ್ಯದಲ್ಲಿ ಯಾರಾದರೂ ವೈರ್ ಕಿತ್ತರೆ ಯಾವ ಫೈಲು ಎಲ್ಲಿದೆ ಅನ್ನುವ ಲೆಕ್ಕದ ಪುಸ್ತಕ ಅರ್ಧಂಬರ್ಧ ಬರೆದ ಸ್ಥಿತಿಯಲ್ಲೇ ಉಳಿದು, ಇಡೀ ಮೆಮೊರಿ ಕಾರ್ಡು ಕೈಕೊಡುತ್ತಿದ್ದದ್ದೂ ಉಂಟು.

2011ರ ಸುಮಾರಿಗೆ ಆಂಡ್ರಾಯ್ಡ್ ಈ ಪದ್ಧತಿ ಬಿಟ್ಟು ಎಂಟಿಪಿ, ಅಂದರೆ ಮೀಡಿಯಾ ಟ್ರಾನ್ಸ್‌ಫರ್ ಪ್ರೋಟೋಕಾಲ್ ಕಡೆಗೆ ಹೊರಳಿತು. ಇದು ರೇಷನ್ ಅಂಗಡಿಯ ಕೌಂಟರ್ ಇದ್ದ ಹಾಗೆ. ಕಂಪ್ಯೂಟರ್ ಹೊರಗೆ ನಿಂತು ಚೀಟಿ ಕೊಡಬೇಕು, ಫೋನು ಒಳಗೆ ಹೋಗಿ ತಂದುಕೊಡಬೇಕು. ಈ ಫೈಲಿನ ಹೆಸರೇನು, ಗಾತ್ರ ಎಷ್ಟು, ತಾರೀಖು ಯಾವುದು, ಸರಿ ಕೊಡು, ತಗೋ, ಸಿಕ್ತು. ಒಂದು ಮುಗಿದ ಮೇಲೆಯೇ ಇನ್ನೊಂದು. ನಾಮಕರಣದ ವಿಡಿಯೋ ಅಂದರೆ ಒಂದೇ ಚೀಟಿ, ಒಂದೇ ಮೂಟೆ. ವಾಟ್ಸ್‌ಆಪ್ ಫೋಟೋ ಒಂದೊಂದೂ 200 ಕೆಬಿ ಅಂದುಕೊಳ್ಳಿ, 4 ಜಿಬಿಗೆ 20,000 ಚೀಟಿ. ಅದರಲ್ಲಿ ಎಷ್ಟು ಗುಡ್ ಮಾರ್ನಿಂಗ್ ಹೂವುಗಳಿದ್ದವೋ ದೇವರೇ ಬಲ್ಲ. ಹೊತ್ತೆಲ್ಲ ಹೋಗುವುದು ಸಾಮಾನು ಹೊರುವುದಕ್ಕಲ್ಲ, ಮಾತುಕತೆಗೆ.

ಹಾಗಾದರೆ ಚೀಟಿ ಕಡಿಮೆ ಮಾಡಿದರಾಯಿತು, ಅಲ್ವಾ? ಫೋಲ್ಡರನ್ನು ಫೋನಿನಲ್ಲೇ ಜಿಪ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ಫೈಲಾಗಿ ಕಟ್ಟಿ, ಆ ಒಂದೇ ಫೈಲನ್ನು ಕಳಿಸುವುದು. ಹಲವು ಫೋನುಗಳ ಫೈಲ್ ಮ್ಯಾನೇಜರಿನಲ್ಲೇ ಕಂಪ್ರೆಸ್ ಅನ್ನುವ ಆಯ್ಕೆ ಇರುತ್ತದೆ. ಹೆಸರು ನೋಡಿ ಫೋಟೋ ಹಿಂಡಿ ಚಿಕ್ಕದಾಗುತ್ತದೆ ಅಂದುಕೊಳ್ಳಬೇಡಿ. ಜೆಪೆಗ್ ಫೋಟೋವನ್ನು ಕ್ಯಾಮೆರಾ ಆಗಲೇ ಹಿಂಡಿಟ್ಟಿರುತ್ತದೆ, ಇನ್ನು ಹಿಂಡಲು ಅದರಲ್ಲಿ ಜಾಸ್ತಿ ಏನೂ ಉಳಿದಿರುವುದಿಲ್ಲ. ನಮಗೆ ಬೇಕಾದದ್ದು ಮೂಟೆ ಕಟ್ಟುವ ಕೆಲಸ ಅಷ್ಟೇ. ತೊಡಕು ಇರುವುದು ಇನ್ನೊಂದು ಕಡೆ. 4 ಜಿಬಿ ಮೂಟೆ ಕಟ್ಟಲು ಫೋನಿನಲ್ಲಿ ಇನ್ನೂ 4 ಜಿಬಿ ಖಾಲಿ ಇರಬೇಕು. ಫೋನು ತುಂಬಿದೆ ಅಂತಲೇ ತಾನೇ ನಾವು ಈ ಕೆಲಸಕ್ಕೆ ಕೂತದ್ದು! ನಾನು ಒಂದೊಂದು ತಿಂಗಳಿನ ಫೋಟೋಗಳನ್ನು ಬೇರೆ ಬೇರೆ ಮೂಟೆ ಕಟ್ಟಿದೆ.

ಕೇಬಲ್ಲಿನ ಪಾತ್ರ ಏನೂ ಇಲ್ಲ ಅಂತಲ್ಲ. ಹಳೆಯ ಚಪ್ಪಟೆ ಯುಎಸ್‌ಬಿ ಮೂತಿಯೊಳಗೆ ಇಣುಕಿ ನೋಡಿ. ನಾಲ್ಕು ಲೋಹದ ಪಟ್ಟಿಗಳು ಕಾಣುತ್ತವೆ. ಅಂಚಿನ ಎರಡು ಕರೆಂಟಿಗೆ, ನಡುವಿನ ಎರಡು ಡೇಟಾಕ್ಕೆ. ಅಂಚಿನವು ತುಸು ಉದ್ದ, ಕರೆಂಟು ಮೊದಲು ತಾಗಲಿ ಅಂತ. ಕೆಲವು ಅಗ್ಗದ ಚಾರ್ಜಿಂಗ್ ಕೇಬಲ್ಲುಗಳಲ್ಲಿ ನಡುವಿನ ಎರಡಕ್ಕೆ ತಂತಿಯನ್ನೇ ಎಳೆದಿರುವುದಿಲ್ಲ. ಫೋನು ಚಾರ್ಜ್ ಆಗುತ್ತದೆ, ಕಂಪ್ಯೂಟರಿಗೆ ಮಾತ್ರ ಕಾಣಿಸುವುದೇ ಇಲ್ಲ. ಯುಎಸ್‌ಬಿ 3ರ ಮೂತಿಯಲ್ಲಿ ಹೆಚ್ಚಿನ ವೇಗಕ್ಕೆ ಅಂತ ಹಿಂದಿನ ಸಾಲಿನಲ್ಲಿ ಇನ್ನೂ ಐದು ಪಟ್ಟಿ ಇರುತ್ತವೆ.

ನಾಲ್ಕೇ ಪಟ್ಟಿಯ ಯುಎಸ್‌ಬಿ 2ರ ವೇಗ ಸೆಕೆಂಡಿಗೆ 480 ಮೆಗಾಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ ಅದು 60 ಮೆಗಾಬೈಟ್. ಕೈಗೆ ಸಿಗುವುದು 30ರಿಂದ 40. ಸಿ-ಟೈಪ್ ಮೂತಿ ಬಂದ ಮಾತ್ರಕ್ಕೆ ಇದು ಬದಲಾಗುವುದಿಲ್ಲ, ಅದು ಬರೀ ಆಕಾರದ ಹೆಸರು. 2023ರ ಐಫೋನ್ 15ರಲ್ಲೂ ಸಿ-ಟೈಪ್ ಮೂತಿಯ ಹಿಂದೆ ಇದ್ದದ್ದು ಇದೇ 480. ಅದರ ಪ್ರೊ ಮಾದರಿಗೆ 10 ಗಿಗಾಬಿಟ್ ಸಾಮರ್ಥ್ಯ ಇತ್ತು, ಆದರೆ ಡಬ್ಬದಲ್ಲಿ ಕೊಟ್ಟ ಕೇಬಲ್ ಮಾತ್ರ ಹಳೇ ವೇಗದ್ದು!

ವೈರೇ ಬೇಡ ಅನ್ನುವವರು ಬ್ಲೂಟೂತನ್ನು ಬಿಟ್ಟುಬಿಡಿ. 1 ಜಿಬಿಗೆ ಒಂದು ಗಂಟೆ ಮೇಲೆ ಹಿಡಿಯುತ್ತದೆ. 2020ರಲ್ಲಿ ನಿಷೇಧವಾಗುವ ತನಕ ನಮ್ಮಲ್ಲಿ ಎಲ್ಲರ ಫೋನಿನಲ್ಲೂ ಇದ್ದಂತಿದ್ದ ಶೇರ್‌ಇಟ್ ಆಪ್ ಬಳಸುತ್ತಿದ್ದದ್ದು ವೈಫೈಯನ್ನು. ಈಗಿನ ಕ್ವಿಕ್ ಶೇರ್, ಲೋಕಲ್‌ಸೆಂಡ್ ಮಾಡುವುದೂ ಅದನ್ನೇ. ಇಂಟರ್‌ನೆಟ್ ಡೇಟಾ ಖರ್ಚಾಗುತ್ತದಾ ಅಂತ ಹೆದರಬೇಕಿಲ್ಲ, ಫೈಲು ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ. ರೌಟರ್ ಮೂಲಕ ಹೋದರೆ ಮಾತ್ರ ಪ್ರತಿ ತುಣುಕೂ ಗಾಳಿಯಲ್ಲಿ ಎರಡು ಸಲ ಹಾರಬೇಕು, ಫೋನಿನಿಂದ ರೌಟರಿಗೆ, ರೌಟರಿನಿಂದ ಲ್ಯಾಪ್‌ಟಾಪಿಗೆ. ಎರಡೂ ಒಂದೇ ಚಾನೆಲ್ಲಿನಲ್ಲಿದ್ದರೆ ವೇಗ ಅರ್ಧ ಆದಂತೆಯೇ. ಫೋನಿನ ಹಾಟ್‌ಸ್ಪಾಟ್ 5 ಗಿಗಾಹರ್ಟ್ಸ್‌ಗೆ ಇಟ್ಟು ಲ್ಯಾಪ್‌ಟಾಪನ್ನು ನೇರ ಜೋಡಿಸಿದರೆ ಒಂದು ಹಾರಾಟ ತಪ್ಪುತ್ತದೆ.

ಇನ್ನು ನಂಬಿಕೆಯ ಮಾತು. ವೈರಿನಲ್ಲಿ ಹೋಗುವಾಗ ಫೋಟೋ ಕೆಡುತ್ತದೆ ಅನ್ನುವುದು ಅಪರೂಪ. ಯುಎಸ್‌ಬಿ 2 ಡೇಟಾವನ್ನು ಹೆಚ್ಚೆಂದರೆ 512 ಬೈಟಿನ ಪೊಟ್ಟಣಗಳಾಗಿ ಕಳಿಸುತ್ತದೆ, ಪ್ರತಿಯೊಂದರ ಜೊತೆ ಒಂದು ತಾಳೆ ಸಂಖ್ಯೆ ಇರುತ್ತದೆ. ತಾಳೆ ಆಗದಿದ್ದರೆ ಆ ಪೊಟ್ಟಣ ಮತ್ತೆ ಬರುತ್ತದೆ. ಕೆಲಸ ಕೆಡುವುದು ನಮ್ಮ ಕೈಯಿಂದಲೇ ಜಾಸ್ತಿ. ಕಾಪಿ ಬದಲು ಕಟ್ ಒತ್ತುತ್ತೇವೆ, ಹಸಿರು ಪಟ್ಟಿ ತುಂಬುವ ಮೊದಲೇ ವೈರ್ ಎಳೆಯುತ್ತೇವೆ. ಇಲ್ಲಿಯೂ ಜಿಪ್ ಒದಗಿಬರುತ್ತದೆ. ಮೂಟೆ ಕಟ್ಟುವಾಗಲೇ ಅದು ಒಳಗಿನ ಪ್ರತಿ ಫೈಲಿಗೂ ಒಂದು ತಾಳೆ ಸಂಖ್ಯೆ ಬರೆದಿಟ್ಟಿರುತ್ತದೆ. ಬಿಚ್ಚುವಾಗ ಒಂದೇ ಒಂದು ಫೋಟೋ ಕೆಟ್ಟಿದ್ದರೂ ಗೊತ್ತಾಗುತ್ತದೆ.

ನನ್ನ ಮೂಟೆಗಳು ಒಂದೂ ತಕರಾರು ಮಾಡದೆ ಬಿಚ್ಚಿಕೊಂಡವು. ಲ್ಯಾಪ್‌ಟಾಪಿನಲ್ಲಿ ನಾಲ್ಕೈದು ಫೋಟೋ ತೆರೆದು ನೋಡಿ, ಎರಡೂ ಕಡೆ ಫೈಲುಗಳ ಲೆಕ್ಕ ಸರಿ ಇದೆ ಅಂತ ಖಾತ್ರಿ ಆದ ಮೇಲೆಯೇ ಫೋನಿನಿಂದ ಅಳಿಸಿದೆ.