ಕರೆಂಟ್ ಕಾರು ಮಾರುವ ಮುನ್ನ ಒಂದು ರಾತ್ರಿ

ಮೈಸೂರಿನ ನಮ್ಮ ಭಾವನ ಮನೆಗೆ ಬಂದ ಕಾರ್ ಬ್ರೋಕರ್ ಮೊದಲು ಮಾಡಿದ್ದು ಬಾನೆಟ್ ಎತ್ತಿಸಿದ್ದು. ಒಳಗೆ ಇಂಜಿನ್ ಇಲ್ಲ, ಆಯಿಲ್ ನೋಡುವ ಕಡ್ಡಿ ಇಲ್ಲ, ಹೊಗೆ ನೋಡೋಣವೆಂದರೆ ಸೈಲೆನ್ಸರೂ ಇಲ್ಲ. ಇಷ್ಟು ವರ್ಷದ ಅನುಭವಕ್ಕೆ ಹಿಡಿತ ಸಿಗದೆ ಕೊನೆಗೆ ಓಡೋಮೀಟರ್ ನೋಡಿದ: 62,000. "ಬ್ಯಾಟರಿ ಹೋದ್ರೆ ಗಾಡಿ ಗುಜರಿಗೇ ಸಾರ್" ಅಂದವನು, ಭಾವ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಬೆಲೆಯ ಅರ್ಧ ಹೇಳಿ, ಕಾಫಿ ಕುಡಿದು ಹೋದ.

ಆತನ ಭಯ ಹುಟ್ಟಾ ಸುಳ್ಳೇನಲ್ಲ. 2001ರಲ್ಲಿ ಬೆಂಗಳೂರಿನಲ್ಲಿ ರಸ್ತೆಗಿಳಿದ ರೇವಾ ಎಂಬ ಪುಟ್ಟ ಕರೆಂಟ್ ಕಾರು ಓಡುತ್ತಿದ್ದುದು ಸೀಸ-ಆಮ್ಲದ ಬ್ಯಾಟರಿಯಲ್ಲಿ, ಮನೆಯ ಯುಪಿಎಸ್‌ನಲ್ಲಿರುತ್ತದಲ್ಲ, ಆ ಜಾತಿಯದು. ಕೆಲವೇ ವರ್ಷಕ್ಕೆ ಇಡೀ ಸೆಟ್ ಬದಲಿಸಬೇಕಾಗುತ್ತಿತ್ತು. ಭಾವನ ಕಾರು 30.2 ಯೂನಿಟ್ ಹಿಡಿಯುವ, ಟಾಟಾದ ಹಳೆಯ ನೆಕ್ಸಾನ್ ಇವಿ. ಅದರೊಳಗಿನ ಲಿಥಿಯಂ ಅಯಾನ್ ಬ್ಯಾಟರಿಗೆ ಮುಪ್ಪು ಬರುವ ಬಗೆಯೇ ಬೇರೆ.

ಕಾಸಿದ ಹಾಲಿನ ಮೇಲೆ ಕೆನೆ ಕಟ್ಟುವುದನ್ನು ನೆನೆಸಿಕೊಳ್ಳಿ. ಬ್ಯಾಟರಿಯ ಒಂದು ಧ್ರುವ ಗ್ರಾಫೈಟಿನದು. ಒಳಗಿನ ದ್ರವ ಅದಕ್ಕೆ ತಾಗಿದ ಕಡೆಯೆಲ್ಲ ಒಡೆದು, ಒಂದು ತೆಳು ಪೊರೆ ಕಟ್ಟುತ್ತದೆ. ಈ ಪೊರೆ ಇರಲೇಬೇಕು, ಇಲ್ಲವಾದರೆ ದ್ರವ ಒಡೆಯುತ್ತಲೇ ಹೋಗುತ್ತದೆ. ಆದರೆ ಪೊರೆ ಕಟ್ಟಲು ಒಂದಿಷ್ಟು ಲಿಥಿಯಂ ಖರ್ಚಾಗುತ್ತದೆ, ಅಲ್ಲಿ ಸಿಕ್ಕಿಕೊಂಡದ್ದು ಮತ್ತೆ ಕೆಲಸಕ್ಕೆ ಬರುವುದಿಲ್ಲ. ಬ್ಯಾಟರಿಯ ಕಸುವು ಕುಗ್ಗುವುದಕ್ಕೆ ಮುಖ್ಯ ಕಾರಣ ಇದೇ. ಪೊರೆ ದಪ್ಪವಾದಷ್ಟೂ ಮುಂದಿನ ಪದರ ನಿಧಾನ. ಹಾಗಾಗಿ ನಷ್ಟ ಹೆಚ್ಚುಕಡಿಮೆ ಕಾಲದ ವರ್ಗಮೂಲದ ಲೆಕ್ಕದಲ್ಲಿ ಬೆಳೆಯುತ್ತದೆ. ಮೊದಲ ವರ್ಷ ಶೇ. 4 ಹೋಯಿತು ಅನ್ನಿ, ನಾಲ್ಕು ವರ್ಷಕ್ಕೆ ಹೋಗುವುದು 16 ಅಲ್ಲ, 8ರ ಆಸುಪಾಸು. ಮೊದಲ ವರ್ಷದ ಇಳಿತ ನೋಡಿ ಗಾಬರಿಯಾಗಿ ಕಾರು ಮಾರುವವರು ಕೆಟ್ಟ ಕಾಲ ಕಳೆದ ಮೇಲೆ ಮಾರುತ್ತಿರುತ್ತಾರೆ, ಲಾಭ ಕೊಂಡವನಿಗೆ.

ಈ ಪೊರೆ ಬೆಳೆಯಲು ಗಾಡಿ ಓಡಲೇಬೇಕೆಂದಿಲ್ಲ. ಬಿಸಿ ಇದ್ದರೆ ಸಾಕು, ಅದರ ಮೇಲೆ ನೂರು ಪರ್ಸೆಂಟ್ ಚಾರ್ಜಿನಲ್ಲಿ ನಿಂತಿದ್ದರಂತೂ ಇನ್ನೂ ಬೇಗ. ಹತ್ತು ಡಿಗ್ರಿ ಬಿಸಿ ಏರಿದರೆ ಇಂಥ ರಾಸಾಯನಿಕ ಕ್ರಿಯೆಗಳ ವೇಗ ಸುಮಾರು ಇಮ್ಮಡಿ. ದಿನಾ ಐವತ್ತು ಕಿಲೋಮೀಟರ್ ಓಡಿ ನೆರಳಿಗೆ ಬಂದು ನಿಲ್ಲುವ ಕಾರಿಗಿಂತ, ಫುಲ್ ಚಾರ್ಜ್ ಮಾಡಿ ರಾಯಚೂರಿನ ಬಿಸಿಲಿಗೆ ನಿಲ್ಲಿಸಿದ, ಓಡದ ಕಾರೇ ಹೆಚ್ಚು ಸವೆದಿರಬಹುದು. ಇದರ ಪಾಠ ಮೊದಲು ಕಲಿತವರು ಅಮೆರಿಕದ ಅರಿಜೋನಾದವರು. ನಿಸಾನ್ ಕಂಪನಿಯ ಲೀಫ್ ಎಂಬ ಕರೆಂಟ್ ಕಾರಿನ ಬ್ಯಾಟರಿಗೆ ತಣಿಸುವ ದ್ರವದ ವ್ಯವಸ್ಥೆಯೇ ಇರಲಿಲ್ಲ. 2012ರ ಬೇಸಿಗೆಯಲ್ಲಿ ಫೀನಿಕ್ಸ್ ನಗರದ ಮಾಲೀಕರು ಬ್ಯಾಟರಿಯ ಕಸುವು ತೋರಿಸುವ ಡ್ಯಾಶ್‌ಬೋರ್ಡಿನ 12 ಗೆರೆಗಳು ಒಂದೊಂದಾಗಿ ಆರುವುದನ್ನು ಕಂಡು ಕೋರ್ಟಿಗೆ ಹೋದರು. ಆಮೇಲೆ ಕಂಪನಿ ಕಸುವಿಗೂ ವಾರಂಟಿ ಕೊಡಬೇಕಾಯಿತು.

ಹಾಗಾದರೆ ಉಳಿದಿರುವುದೆಷ್ಟು? ಬ್ರೋಕರ್ ಹೋದ ರಾತ್ರಿ ನಾನೂ ಭಾವನೂ ಅದನ್ನೇ ಅಳೆಯಲು ಕೂತೆವು. ಕರೆಂಟ್ ಬಿಲ್ಲಿನ ಯೂನಿಟ್ಟೇ ಬ್ಯಾಟರಿಯ ಯೂನಿಟ್ಟೂ ಆಗಿರುವುದು ನಮ್ಮ ಅನುಕೂಲ. ಚಾರ್ಜ್ ಶೇ. 10ಕ್ಕೆ ಇಳಿಯುವವರೆಗೆ ರಿಂಗ್ ರೋಡಿನಲ್ಲಿ ಸುತ್ತಿ ಬಂದು, ಪಾರ್ಕಿಂಗ್‌ನ 15 ಆಂಪ್ ಪ್ಲಗ್ಗಿಗೆ ಸಿಕ್ಕಿಸಿದೆವು. ಸಬ್‌ಮೀಟರ್ ಆಗ 1843.2. ಬೆಳಿಗ್ಗೆ ನೂರು ಆದಾಗ 1871.8. ಗೋಡೆಯಿಂದ ಹೊರಟದ್ದು 28.6 ಯೂನಿಟ್. ಇದರಲ್ಲಿ ಒಂದಿಷ್ಟು ಚಾರ್ಜರಿನಲ್ಲೇ ಬಿಸಿಯಾಗಿ ಸೋರುತ್ತದೆ, ಶೇ. 12 ಅಂತ ಹಿಡಿದೆವು. ಒಳಗೆ ಹೋದದ್ದು 25.2. ಅದು ಬ್ಯಾಟರಿಯ ಶೇ. 90 ಭಾಗವಾದರೆ ಪೂರ್ತಿ ಬ್ಯಾಟರಿ 28 ಯೂನಿಟ್. 30.2ರಲ್ಲಿ 28, ಅಂದರೆ ಹೆಚ್ಚುಕಡಿಮೆ ಶೇ. 93.

ಇದು ಅಕ್ಕಸಾಲಿಗನ ತಕ್ಕಡಿಯಲ್ಲ, ತರಕಾರಿ ತಕ್ಕಡಿ. ಸೋರಿಕೆ ಶೇ. 10 ಎಂದರೆ ಉತ್ತರ 95ರ ಹತ್ತಿರ, 15 ಎಂದರೆ 89. ಇನ್ನೊಂದು ತೊಡಕೂ ಇದೆ. ನಮ್ಮಲ್ಲಿ ಓಡಾಡುವ ಹಲವು ಕಾರುಗಳಲ್ಲಿರುವ ಎಲ್‌ಎಫ್‌ಪಿ (ಲಿಥಿಯಂ-ಕಬ್ಬಿಣ-ಫಾಸ್ಫೇಟ್) ಬಗೆಯ ಬ್ಯಾಟರಿಯಲ್ಲಿ, ಚಾರ್ಜ್ ಇಳಿಯುತ್ತಿದ್ದರೂ ವೋಲ್ಟೇಜ್ ಬಹುಪಾಲು ಒಂದೇ ಸಮನೆ ನಿಂತಿರುತ್ತದೆ. ಹೀಗಾಗಿ ಕಾರಿನ ಕಂಪ್ಯೂಟರ್ ಒಳಬಂದ ಹೊರಹೋದ ಕರೆಂಟನ್ನು ಎಣಿಸುತ್ತ ಅಂದಾಜಿನಲ್ಲೇ ಪರ್ಸೆಂಟ್ ತೋರಿಸುತ್ತದೆ, ಎಣಿಕೆ ಬರಬರುತ್ತ ತಪ್ಪುತ್ತದೆ. ಆಗಾಗ ನಿಧಾನ ಚಾರ್ಜರಿನಲ್ಲಿ ನೂರರವರೆಗೂ ಬಿಟ್ಟರೆ ಲೆಕ್ಕ ಸರಿಹೋಗುತ್ತದೆ. ಮಾರುವ ಮುಂಚೆ ಎರಡು ಮೂರು ಸಲ ಹೀಗೆ ಮಾಡುವುದು ಮೋಸವಲ್ಲ, ಮೀಟರಿನ ಮುಳ್ಳು ಸರಿಮಾಡಿದಂತೆ. ಸರ್ವಿಸ್ ಸೆಂಟರಿನ ಬ್ಯಾಟರಿ ವರದಿ ಸಿಕ್ಕರೆ ಇನ್ನೂ ಒಳ್ಳೆಯದು.

ಕಾಗದಪತ್ರದ ಕಡೆ ನೋಡಬೇಕಾದ್ದು ವಾರಂಟಿ. ಭಾವನ ಕಾರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್. ಈಚಿನ ಕೆಲವು ಕಾರುಗಳ "ಜೀವಮಾನ ವಾರಂಟಿ" ಮೊದಲ ಮಾಲೀಕನ ಜೀವಮಾನಕ್ಕೆ ಮಾತ್ರ, ಹೆಸರು ಬದಲಾದ ಕೂಡಲೇ ಅದು ಇಷ್ಟು ವರ್ಷ ಅಂತ ಮೊಟಕಾಗುತ್ತದೆ.

ಇಷ್ಟೆಲ್ಲ ಅಳೆದ ಮೇಲೂ ನನ್ನ ಅನಿಸಿಕೆ ಏನೆಂದರೆ, ಹಳೆಯ ಕರೆಂಟ್ ಕಾರಿನ ಬೆಲೆಯನ್ನು ಹೆಚ್ಚು ತಿನ್ನುವುದು ಅದರ ಬ್ಯಾಟರಿಯ ಮುಪ್ಪಲ್ಲ, ಹೊಸ ಬ್ಯಾಟರಿಯ ಅಗ್ಗ. ಬ್ಲೂಮ್‌ಬರ್ಗ್ ಎನ್‌ಇಎಫ್ ಎಂಬ ಸಂಶೋಧನಾ ಸಂಸ್ಥೆಯ ಸಮೀಕ್ಷೆಯ ಪ್ರಕಾರ 2010ರಲ್ಲಿ ಒಂದು ಯೂನಿಟ್ ಬ್ಯಾಟರಿಗೆ ಸಾವಿರ ಡಾಲರಿಗೂ ಮಿಕ್ಕಿದ್ದ ಬೆಲೆ 2024ರಲ್ಲಿ 115 ಡಾಲರ್. 2024ರ ಫೆಬ್ರವರಿಯಲ್ಲಿ ಟಾಟಾ ಇದೇ ಕಾರಣ ಹೇಳಿ ನೆಕ್ಸಾನ್ ಇವಿ ಬೆಲೆಯನ್ನು 1.2 ಲಕ್ಷದವರೆಗೂ ಇಳಿಸಿತು. ಶೋರೂಮಿನಲ್ಲಿ ಒಂದು ಲಕ್ಷ ಇಳಿದರೆ, ಬೀದಿಯಲ್ಲಿ ನಿಂತ ಹಳೆಯ ಗಾಡಿಯೂ ಏನೂ ತಪ್ಪು ಮಾಡದೆ ಇಳಿಯುತ್ತದೆ. ಅಮೆರಿಕದಲ್ಲಿ 2023ರಲ್ಲಿ ಟೆಸ್ಲಾ ಬೆಲೆ ಇಳಿಸಿದ ಹೊಡೆತ, ಸಾಲುಗಟ್ಟಲೆ ಟೆಸ್ಲಾ ಕೊಂಡಿಟ್ಟಿದ್ದ ಹರ್ಟ್ಜ್ ಎಂಬ ಬಾಡಿಗೆ ಕಾರಿನ ಕಂಪನಿಗೂ ಬಿತ್ತು. ಮರುವರ್ಷ ಅದು ಸುಮಾರು 20,000 ಕರೆಂಟ್ ಕಾರುಗಳನ್ನು ಮಾರಲು ಹೊರಟು, ನಷ್ಟ 24.5 ಕೋಟಿ ಡಾಲರ್ ಅಂತ ಲೆಕ್ಕ ತೋರಿಸಿತು.

ಭಾವನ ಕಾರು ಕೊನೆಗೆ ಕೊಂಡವರು ಹುಣಸೂರಿನ ಕಡೆಯ ಒಬ್ಬ ಮೇಷ್ಟ್ರು. ಮೀಟರ್ ಬರೆದುಕೊಂಡಿದ್ದ ಚೀಟಿಯನ್ನು ನಾನು ಹೆಮ್ಮೆಯಿಂದ ಮುಂದಿಟ್ಟೆ. ಅವರು ಗುಣಾಕಾರ ಭಾಗಾಕಾರ ಎಲ್ಲ ತಾಳೆ ನೋಡಿ, "ಲೆಕ್ಕ ಸರಿಯಾಗಿದೆ" ಅಂದರು. ಆಮೇಲೆ ಜೇಬಿನಿಂದ ಫೋನ್ ತೆಗೆದು, ಹೊಸ ಕಾರಿಗೆ ಶೋರೂಮಿನವರು ಆ ವಾರ ಕಳಿಸಿದ್ದ ರಿಯಾಯಿತಿಯ ಮೆಸೇಜನ್ನು ಭಾವನ ಕೈಗಿಟ್ಟರು. ಭಾವ ಅದನ್ನು ಎರಡು ಸಲ ಓದಿ, ನನ್ನ ಮುಖ ನೋಡಿ, ನಲವತ್ತು ಸಾವಿರ ಇಳಿಸಿದರು.