ಮಗುವಿನ ಮುಖಕ್ಕೆ ಬೆಳಕು ಎತ್ತಲಿಂದ?

ಕೃಷ್ಣ ಜನ್ಮಾಷ್ಟಮಿ ಬಂತೆಂದರೆ ಪುಟ್ಟ ಕೃಷ್ಣರು ಶಾಲೆಯ ಅಂಗಳಕ್ಕೆ ಇಳಿಯುತ್ತಾರೆ. ವೇಷ ಕಟ್ಟಿ, ಕಾಡಿಗೆ ತೀಡಿ, ನವಿಲುಗರಿ ಸಿಕ್ಕಿಸುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿರುತ್ತದೆ. ‘ಒಳ್ಳೇ ಬೆಳಕಿದೆ’ ಎಂದು ಬಿಸಿಲಲ್ಲಿ ನಿಲ್ಲಿಸಿ ತೆಗೆದ ಫೋಟೋದಲ್ಲಿ ಕಿರೀಟ ಫಳಫಳ, ಮೂಗಿನ ತುದಿ ಬೆಳ್ಳಗೆ, ಕಣ್ಣಿದ್ದ ಕಡೆ ಮಾತ್ರ ಎರಡು ಕಪ್ಪು ಗುಳಿ. ಮಗು ಮುಖ ಕಿವುಚಿಕೊಂಡಿರುತ್ತದೆ, ದೊಡ್ಡವರು ‘ನಗು ಪುಟ್ಟಾ, ನಗು’ ಅನ್ನುತ್ತಲೇ ಇರುತ್ತಾರೆ.

ಇದರಲ್ಲಿ ಮೊಬೈಲಿನ ತಪ್ಪು ಕಡಿಮೆ, ನಾವಿರುವ ಅಕ್ಷಾಂಶದ ಪಾಲು ಜಾಸ್ತಿ. ಬೆಂಗಳೂರು, ಹಾಸನ, ಮಂಗಳೂರು ಮೂರೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರದಲ್ಲಿವೆ. ಹಾಗಾಗಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಸೂರ್ಯ ಇಲ್ಲಿ ನೆಟ್ಟಗೆ ನೆತ್ತಿಯ ಮೇಲೆ ಬರುತ್ತಾನೆ. ಶೂನ್ಯ ನೆರಳಿನ ದಿನ ಎನ್ನುವುದು ಇದನ್ನೇ. ಆಗಸ್ಟಿನಲ್ಲಿ ಬೆಂಗಳೂರಿಗೆ ಆ ಗಳಿಗೆ ಬರುವುದು 12 ಗಂಟೆಗಲ್ಲ, 12.24ರ ಸುಮಾರಿಗೆ. ಆಗ ಕಂಬಕ್ಕೆ ನೆರಳಿರದಿದ್ದರೂ ಮುಖಕ್ಕೆ ಇರುತ್ತದೆ: ಹುಬ್ಬಿನದು ಕಣ್ಣಿನ ಮೇಲೆ, ಮೂಗಿನದು ತುಟಿಯ ಮೇಲೆ, ಗದ್ದದ್ದು ಕುತ್ತಿಗೆಯ ಮೇಲೆ.

ಆ ನೆರಳಿನ ಅಂಚೂ ಹರಿತ. ಎಷ್ಟೇ ದೊಡ್ಡವನಾದರೂ ಸೂರ್ಯ ನಮಗೆ ಕಾಣುವುದು ಬರೀ ಅರ್ಧ ಡಿಗ್ರಿ ಅಗಲ, ಹುಣ್ಣಿಮೆ ಚಂದ್ರನಷ್ಟೇ. ಇಂಥ ಚಿಕ್ಕ ಮೂಲದ ಬೆಳಕಿನಲ್ಲಿ ನೆರಳಿನ ಅಂಚು ಮಸುಕಾಗುವುದು ದೂರದ ನೂರಹತ್ತರಲ್ಲಿ ಒಂದು ಪಾಲು ಮಾತ್ರ. ಮೂಗಿಗೂ ತುಟಿಗೂ ಎರಡು ಸೆಂಟಿಮೀಟರ್ ಅಂತರವೆಂದರೆ ಮಸುಕು 0.2 ಮಿಲಿಮೀಟರ್. ಮೋಡ ಕವಿದರೆ ಇಡೀ ಆಕಾಶವೇ ದೀಪವಾಗಿ ಗೆರೆಗಳು ಕರಗುತ್ತವೆ. ಆದರೆ ದಟ್ಟ ಮೋಡದ ಆಕಾಶವೂ ದಿಗಂತಕ್ಕಿಂತ ನೆತ್ತಿಯಲ್ಲಿ ಸುಮಾರು ಮೂರು ಪಟ್ಟು ಬೆಳಗಿರುತ್ತದೆ. ಹಾಗಾಗಿ ಮೋಡದ ದಿನವೂ ಕಣ್ಣಿನ ಗುಳಿ ಪೂರ್ತಿ ಹೋಗುವುದಿಲ್ಲ.

ಸಂಜೆಯ ಹೊಂಬಿಸಿಲಿಗೆ ಕಾಯಿರಿ ಎಂದು ಫೋಟೋಗ್ರಫಿಯ ಪಾಠಗಳೆಲ್ಲ ಹೇಳುತ್ತವೆ. ಆ ಮಾತು ಲಂಡನ್ನಿಗೆ ಚೆನ್ನಾಗಿ ಹೊಂದುತ್ತದೆ. ಜೂನ್‌ನಲ್ಲಿ ಅಲ್ಲಿ ಸೂರ್ಯ ಓರೆಯಾಗಿ ಜಾರುತ್ತ, ಹೊಂಬಿಸಿಲಿನ ಕೊನೆಯ ಆರು ಡಿಗ್ರಿ ಇಳಿಯಲು 45 ನಿಮಿಷಕ್ಕೂ ಹೆಚ್ಚು ತೆಗೆದುಕೊಳ್ಳುತ್ತಾನೆ. ನಮ್ಮಲ್ಲಿ ನೆಟ್ಟಗೆ ಇಳಿದು 25 ನಿಮಿಷ ಚಿಲ್ಲರೆಯಲ್ಲಿ ಮುಳುಗಿಬಿಡುತ್ತಾನೆ. ಮೂರು ವರ್ಷದ ಮಗುವಿಗೆ ಹಸಿವು, ನಿದ್ದೆ, ಹಟ ಎಲ್ಲ ಬರುವುದೂ ಸರಿಯಾಗಿ ಅದೇ ಹೊತ್ತಿಗೆ.

ನನ್ನ ಕೇಳಿದರೆ ಜಗಲಿಗೆ ಸಮನಾದ ಸ್ಟುಡಿಯೋ ಇನ್ನೊಂದಿಲ್ಲ, ಅದೂ ಮಟಮಟ ಮಧ್ಯಾಹ್ನ. ಜಗಲಿ ಇಲ್ಲದವರಿಗೆ ಶಾಲೆಯ ವರಾಂಡ, ಪೋರ್ಟಿಕೋ, ಮುಚ್ಚಿದ ಅಂಗಡಿಯ ಮುಂದಿನ ಚಾವಣಿ ಆದೀತು. ಮಗುವನ್ನು ಸೂರಿನ ಅಂಚಿನಿಂದ ಒಂದೆರಡು ಅಡಿ ಒಳಗೆ, ಮುಖ ಅಂಗಳದ ಕಡೆ ಇರುವಂತೆ ನಿಲ್ಲಿಸಿ. ಸೂರು ನೆತ್ತಿಯ ಬೆಳಕನ್ನು ತಡೆಯುತ್ತದೆ, ಎದುರಿನ ಆಕಾಶದ ಬೆಳಕನ್ನು ಬಿಡುತ್ತದೆ. ಬಿಸಿಲು ಬಿದ್ದ ಸಿಮೆಂಟು ನೆಲ, ಎದುರು ಮನೆಯ ಸುಣ್ಣದ ಗೋಡೆ ಬೆಳಕನ್ನು ಕೆಳಗಿನಿಂದಲೂ ಪಕ್ಕದಿಂದಲೂ ಚಿಮ್ಮಿಸಿ ಹುಬ್ಬಿನಡಿಯ ಗುಳಿಯನ್ನು ತುಂಬುತ್ತವೆ. ಹೊರಗೆ ಒಂದು ಲಕ್ಷ ಲಕ್ಸ್ (ಬೆಳಕಿನ ಅಳತೆ) ಬಿಸಿಲಿದ್ದಾಗ ಇಲ್ಲಿ ಅದರ ಹತ್ತರಲ್ಲೊಂದು ಪಾಲು ಉಳಿದರೂ ಟ್ಯೂಬ್‌ಲೈಟಿನ ಕೋಣೆಗಿಂತ ಹತ್ತಾರು ಪಟ್ಟು ಹೆಚ್ಚು. ಹಿಂದೆ ಮನೆಯೊಳಗಿನ ಕತ್ತಲಿರುವುದರಿಂದ ಮೊಬೈಲು ಇಡೀ ಚಿತ್ರವನ್ನು ಬೆಳಗಿಸಲು ಹೋಗಿ ಮುಖವನ್ನು ಬೆಳ್ಳಗಾಗಿಸಬಹುದು. ಪರದೆಯಲ್ಲಿ ಮುಖದ ಮೇಲೆ ಬೆರಳಿಟ್ಟು ಬೆಳಕನ್ನು ಸ್ವಲ್ಪ ಇಳಿಸಿದರಾಯಿತು.

ಹೀಗೆ ತೆಗೆದ ಫೋಟೋದಲ್ಲಿ ಕಣ್ಣನ್ನಷ್ಟೇ ಹಿಗ್ಗಿಸಿ ನೋಡಿ. ಕಣ್ಣಿನ ಮುಂದಿನ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ಎಂಟು ಮಿಲಿಮೀಟರಿಗೂ ಕಡಿಮೆ ತ್ರಿಜ್ಯದ ಉಬ್ಬುಗನ್ನಡಿ. ಬಿದ್ದ ಬೆಳಕಿನಲ್ಲಿ ಶೇ 2ರಷ್ಟನ್ನು ಮಾತ್ರ ಅದು ಪ್ರತಿಫಲಿಸಿದರೂ, ಹಿಂದಿನ ಪಾಪೆ ಕಪ್ಪಗಿರುವುದರಿಂದ ಅಷ್ಟೇ ಎದ್ದು ಕಾಣುತ್ತದೆ. ಅಂಗಳದ ಆಕಾಶದ ಬಿಳಿ ಚೂರು, ಅದನ್ನು ಮೇಲಿನಿಂದ ಕತ್ತರಿಸಿದ ಸೂರಿನ ಗೆರೆ, ನಡುವೆ ಫೋಟೋ ತೆಗೆಯುತ್ತಿರುವವರ ಕರಿ ಆಕೃತಿ. ಕಣ್ಣಿಗೆ ಜೀವ ಬಂತು ಅನ್ನಿಸುವುದು ಆ ಬಿಳಿ ಚೂರಿನಿಂದ.

ಮರದ ನೆರಳೂ ತಂಪೇ, ಆದರೆ ಹೊಂಗೆ ಮರದಡಿ ಬಿದ್ದ ದುಂಡನೆಯ ಬಿಸಿಲು ಚುಕ್ಕಿಗಳನ್ನು ಗಮನಿಸಿ. ಎಲೆಗಳ ಸಂದು ಯಾವ ಆಕಾರದಲ್ಲಿದ್ದರೂ ಚುಕ್ಕಿ ದುಂಡಗೇ ಇರುತ್ತದೆ, ಏಕೆಂದರೆ ಅದು ಸೂರ್ಯನದೇ ಬಿಂಬ. 2019ರ ಡಿಸೆಂಬರ್ 26ರ ಕಂಕಣ ಗ್ರಹಣದಲ್ಲಿ ಮಂಗಳೂರಿನ ಮರಗಳಡಿ ಅವು ಉಂಗುರಗಳಾಗಿದ್ದವು. ಐದೂವರೆ ಮೀಟರ್ ಎತ್ತರದ ಸಂದಿನಿಂದ ಬಂದ ಚುಕ್ಕಿ ಸುಮಾರು ಐದು ಸೆಂಟಿಮೀಟರ್ ಅಗಲ, ಮಗುವಿನ ಒಂದು ಕೆನ್ನೆಗೆ ಸರಿಯಾದ ಅಳತೆ. ಮರದಡಿಯೇ ಆಗಬೇಕೆಂದಿದ್ದರೆ ಚುಕ್ಕಿ ಬೀಳದ ದಟ್ಟ ನೆರಳಿನ ಅಂಚು ಹುಡುಕಿ. ಹುಲ್ಲಿನ ಮೇಲೆ ಕೂರಿಸಿದರೆ ಗದ್ದದಡಿ ಹಸಿರು ಛಾಯೆ ಬರುವುದೂ ಉಂಟು.

ಇನ್ನು ನಿಲ್ಲುವ ಎತ್ತರ. ಮಗು 95 ಸೆಂಟಿಮೀಟರ್ ಎತ್ತರವಿದೆ, ನೀವು ಒಂದು ಮೀಟರ್ ಆಚೆ ನಿಂತು ಮೊಬೈಲನ್ನು 150 ಸೆಂಟಿಮೀಟರ್ ಎತ್ತರದಲ್ಲಿ ಹಿಡಿದಿದ್ದೀರಿ ಎಂದುಕೊಳ್ಳಿ. ತಲೆ 1.2 ಮೀಟರ್ ದೂರದಲ್ಲಿದ್ದರೆ ಪಾದ 1.8 ಮೀಟರ್ ದೂರ. ಹತ್ತಿರದ್ದು ದೊಡ್ಡದಾಗಿ ಕಾಣುವುದರಿಂದ ತಲೆ ಪಾದಕ್ಕಿಂತ ಒಂದೂವರೆ ಪಟ್ಟು ಹಿಗ್ಗುತ್ತದೆ. ಮಕ್ಕಳ ತಲೆ ಮೊದಲೇ ಮೈಗೆ ಹೋಲಿಸಿದರೆ ದೊಡ್ಡದು. ಎರಡು ಮೀಟರ್ ಹಿಂದೆ ಸರಿದು ಕುಕ್ಕರಗಾಲಲ್ಲಿ ಕೂತರೆ ಎಲ್ಲ ಹದಕ್ಕೆ ಬರುತ್ತದೆ.

ಓಡುವ ಮಗುವಿಗೆ ಶಟರ್ ವೇಗವೇ, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದುಕೊಳ್ಳುವ ಹೊತ್ತೇ ಮುಖ್ಯ. ಸೆಕೆಂಡಿಗೆ ಮೂರು ಮೀಟರ್ ಓಡುವ ಮಗು 1/60 ಸೆಕೆಂಡಿನಲ್ಲಿ ಐದು ಸೆಂಟಿಮೀಟರ್ ಸರಿಯುತ್ತದೆ, 1/1000ರಲ್ಲಿ ಮೂರು ಮಿಲಿಮೀಟರ್. ಇದಕ್ಕಾಗಿ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) ಏರಿಸಿ ಚಿತ್ರ ತುಸು ಕಾಳುಕಾಳಾದರೂ ಚಿಂತೆಯಿಲ್ಲ. ಒಂದು ಕೆಲಸ ಮಾತ್ರ ಎಲ್ಲಕ್ಕೂ ಮೊದಲು ಆಗಬೇಕು. ಮೊಬೈಲನ್ನು ಹಿಂದಿನ ರಾತ್ರಿ ಕಾರ್ಟೂನ್ ನೋಡಲು ಹಿಡಿದಿದ್ದವರು ಯಾರೆಂದು ಗೊತ್ತೇ ಇದೆ. ಲೆನ್ಸಿನ ಮೇಲೆ ಅಂಟಿದ ಬೆರಳಿನ ಜಿಡ್ಡು ಬೆಳಕನ್ನು ಚದುರಿಸಿ ಇಡೀ ಚಿತ್ರಕ್ಕೆ ಮಂಜು ಕವಿಸುತ್ತದೆ. ಹತ್ತಿಬಟ್ಟೆಯಿಂದ ಒರೆಸಿಕೊಳ್ಳಿ.