ಹಳೇ ಕೂಲಿಂಗ್ ಗ್ಲಾಸಿನ ಫ್ರೇಮ್ ಉಳಿಯಲಿ, ಲೆನ್ಸ್ ಹೋಗಲಿ

ಹಳೇ ಕೂಲಿಂಗ್ ಗ್ಲಾಸ್ ಕೈಗೆ ಸಿಕ್ಕರೆ ಮೊದಲು ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಆ ಫ್ರೇಮ್ ಒಳಗಿಂದಲೇ ಕೆಡೋಕೆ ಶುರುವಾಗಿದೆ. ಬೆರಳಿನಿಂದ ಜೋರಾಗಿ ಉಜ್ಜಿದಾಗ ಕರ್ಪೂರದ ವಾಸನೆ ಬಂದರೆ ಅದು ಸೆಲ್ಯುಲಾಯ್ಡ್ ಎಂಬ ಪ್ಲಾಸ್ಟಿಕ್, ತುಂಬಾ ಹಳೆಯದು. ಅದನ್ನು ಬೆಂಕಿಯ ಹತ್ತಿರ, ಬಿಸಿ ಗಾಳಿಯ ಹತ್ತಿರ ಒಯ್ಯಲೇಬೇಡಿ, ಭಗ್ಗನೆ ಹತ್ತಿಕೊಳ್ಳುತ್ತದೆ. ಯಾವ ವಾಸನೆಯೂ ಇಲ್ಲ ಅಂದರೆ ಕೆಲಸ ಶುರು ಮಾಡಬಹುದು.

ಹಳೇ ಗ್ಲಾಸನ್ನು ಮತ್ತೆ ಹೊಸದರಂತೆ ಮಾಡುವ ಈ ಹವ್ಯಾಸಕ್ಕೆ ಬೇಕಾದ್ದೆಲ್ಲ ನಮ್ಮ ತುಮಕೂರಿನಲ್ಲಿ ಸಿಗುತ್ತದೆ. ಎಷ್ಟೋ ಮನೆಗಳ ಬೀರುವಿನಲ್ಲಿ ಅಜ್ಜನದೋ ಚಿಕ್ಕಪ್ಪನದೋ ಒಂದು ಹಳೇ ಗ್ಲಾಸ್ ಮಲಗಿರುತ್ತದೆ. ಗಾಡಿಗಳಿಗೆ ಬಣ್ಣ ಹೊಡೆಯುವವರ ಬಳಿ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ, ಇರುತ್ತದೆ. ಕಡ್ಡಿಯ ಕೀಲಿಗೆ ಬೇಕಾದ ಸಣ್ಣ ಸ್ಕ್ರೂ ಬಿಗಿಯೋಕೆ ವಾಚ್ ರಿಪೇರಿಯವರಿದ್ದಾರೆ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರು ಇದು, ಅಲ್ವಾ! ನಾನು ಹೇಳಬೇಕಾದ್ದು ಇಷ್ಟೇ: ಫ್ರೇಮಿನ ಮೇಲೆ ಎಷ್ಟು ಹೊತ್ತು ಬೇಕಾದರೂ ಕೂತು ಕೆಲಸ ಮಾಡಿ, ಹಳೇ ಲೆನ್ಸಿನ ಮೇಲೆ ಮಾತ್ರ ಆಸೆ ಇಟ್ಟುಕೊಳ್ಳಬೇಡಿ. ಇದಕ್ಕೆ ಕಾರಣ ಆ ಎರಡು ವಸ್ತುಗಳ ಗುಣದಲ್ಲೇ ಇದೆ.

ಒಳ್ಳೆಯ ಹಳೇ ಪ್ಲಾಸ್ಟಿಕ್ ಫ್ರೇಮುಗಳಲ್ಲಿ ಹೆಚ್ಚಿನವು ಸೆಲ್ಯುಲೋಸ್ ಅಸಿಟೇಟಿನವು. ಹತ್ತಿ ಅಥವಾ ಮರದ ತಿರುಳಿನಿಂದ ತೆಗೆದ ಸೆಲ್ಯುಲೋಸಿಗೆ ಅಸಿಟಿಕ್ ಆಮ್ಲದ ಅಂಶ ಬೆಸೆದು ಇದನ್ನು ಮಾಡುತ್ತಾರೆ. ವರ್ಷಗಟ್ಟಲೆ ತೇವ, ಸೆಕೆ ತಾಗಿದರೆ ಆ ಆಮ್ಲ ಮತ್ತೆ ಬಿಟ್ಟುಕೊಳ್ಳುತ್ತದೆ. ವಿನೆಗರಿನಲ್ಲಿ ಇರುವುದೂ ಅದೇ ಆಮ್ಲ. ಬಿಟ್ಟುಕೊಂಡ ಆಮ್ಲ ಉಳಿದ ಭಾಗವನ್ನೂ ಬೇಗ ಕೆಡಿಸುತ್ತದೆ. ಹಳೇ ಸಿನಿಮಾ ರೀಲುಗಳನ್ನು ತಿಂದದ್ದೂ ಇದೇ ಕಾಯಿಲೆ. ಹಾಗಾಗಿ ವಾಸನೆ ಬರುವ ಫ್ರೇಮನ್ನು ಬೇರೆಯವುಗಳ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಇಡಬೇಡಿ. ಮೇಲೆ ಬರೀ ಬಿಳಿ ಪುಡಿಯಂಥದ್ದು ಕಂಡರೆ ಅಷ್ಟು ಗಾಬರಿ ಬೇಡ. ಪ್ಲಾಸ್ಟಿಕ್ಕನ್ನು ಮೆದುವಾಗಿಡಲು ಬೆರೆಸಿದ ಪದಾರ್ಥ ಹೊರಗೆ ಬಂದಿರುತ್ತದೆ, ಒರೆಸಿ ಉಜ್ಜಿದರೆ ಎಷ್ಟೋ ಸಲ ಹೋಗುತ್ತದೆ.

ಅಸಿಟೇಟಿನ ದೊಡ್ಡ ಗುಣ ಎಂದರೆ ಬಣ್ಣ ಅದರ ಮೈ ತುಂಬಾ ಇರುತ್ತದೆ. ಆಮೆ ಚಿಪ್ಪಿನಂಥ ಕಂದು ಮಚ್ಚೆಗಳು ಮೇಲೆ ಬಳಿದ ಬಣ್ಣದವಲ್ಲ, ಹಾಳೆಯ ಆಳದವರೆಗೂ ಇಳಿದಿರುತ್ತವೆ. ಹಾಗಾಗಿ ಮೇಲ್ಪದರ ತೆಗೆದರೂ ಅಂದ ಹೋಗುವುದಿಲ್ಲ. ಲೆನ್ಸ್ ಬಿಚ್ಚಿ, 600 ನಂಬರಿನ ವಾಟರ್ ಪೇಪರನ್ನು ನೀರಿನಲ್ಲಿ ಅದ್ದಿ ಉಜ್ಜಿ. ಫ್ರೇಮ್ ಪೂರ್ತಿ ಮಂಕಾಗುತ್ತದೆ, ಹೆದರಬೇಡಿ. ಒರಟು ಮೈ ಮೇಲೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರುವುದರಿಂದ ಹಾಗೆ ಕಾಣುತ್ತದೆ. 1000, ಆಮೇಲೆ 2000 ನಂಬರಿಗೆ ಹೋದಂತೆ ಗೆರೆಗಳು ಸಣ್ಣದಾಗುತ್ತವೆ. ಕೊನೆಗೆ ಮೆತ್ತನೆ ಬಟ್ಟೆಗೆ ರಬ್ಬಿಂಗ್ ಕಾಂಪೌಂಡ್ ಹಚ್ಚಿ ತಿಕ್ಕಿದಾಗ ಒಳಗಿನ ಮಚ್ಚೆಗಳು ಒಮ್ಮೆಲೇ ಎದ್ದು ಕಾಣುತ್ತವೆ. ನನಗೆ ಈ ಇಡೀ ಕೆಲಸದಲ್ಲಿ ತುಂಬಾ ಇಷ್ಟವಾಗುವ ಗಳಿಗೆ ಅದು. ಬಣ್ಣ ಬಳಿದ ಅಗ್ಗದ ಫ್ರೇಮುಗಳಿಗೆ ಈ ಉಪಚಾರ ಆಗಿಬರುವುದಿಲ್ಲ, ಬಣ್ಣವೇ ಎದ್ದುಹೋಗುತ್ತದೆ.

ಕೀಲಿನಲ್ಲಿ, ಮೂಗಿನ ಪ್ಯಾಡಿನ ಬುಡದಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ. ಆ ಲೋಹದಲ್ಲಿರುವ ತಾಮ್ರಕ್ಕೆ ಬೆವರು ಮತ್ತು ಚರ್ಮದ ಜಿಡ್ಡು ಸೇರಿ ಆದದ್ದು ಅದು. ಮನೆಯಲ್ಲಿ ತಾಮ್ರದ ಚೆಂಬು ತೊಳೆಯುವ ಹುಣಸೆಹಣ್ಣೇ ಸಾಕು, ಹುಳಿ ಆ ಕಿಲುಬನ್ನು ಕರಗಿಸುತ್ತದೆ. ಆದಮೇಲೆ ನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ.

ಇನ್ನು ಲೆನ್ಸ್. ವಾಚ್ ರಿಪೇರಿಯವರು ಗೀರು ಬಿದ್ದ ಅಕ್ರಿಲಿಕ್ ಗ್ಲಾಸನ್ನು ಉಜ್ಜಿ ಹೊಸದರಂತೆ ಮಾಡುತ್ತಾರೆ, ಹಾಗಾದರೆ ಕೂಲಿಂಗ್ ಗ್ಲಾಸಿಗೆ ಯಾಕೆ ಆಗಲ್ಲ? ಉಜ್ಜಿದ ಜಾಗದಲ್ಲಿ ಸಣ್ಣ ತಗ್ಗು ಬೀಳುತ್ತದೆ, ಅಲ್ಲಿ ಹಾದ ಬೆಳಕು ಸ್ವಲ್ಪ ಬಾಗುತ್ತದೆ. ವಾಚಿನಲ್ಲಿ ಮುಳ್ಳು ಇರುವುದು ಗ್ಲಾಸಿನಿಂದ ಒಂದೆರಡು ಮಿಲಿಮೀಟರ್ ಕೆಳಗೆ. ಬೆಳಕು ಎಷ್ಟು ಬಾಗಿದರೂ ಆ ದೂರದಲ್ಲಿ ಗೊತ್ತೇ ಆಗುವುದಿಲ್ಲ. ಕಣ್ಣಿನ ಮುಂದಿನ ಲೆನ್ಸಿನಲ್ಲಿ ನಾವು ನೋಡುವುದು ಐವತ್ತು ಮೀಟರ್ ಆಚೆಯ ಲಾರಿಯನ್ನು. ದೂರ ಹೆಚ್ಚಿದಷ್ಟೂ ಆ ಬಾಗು ದೊಡ್ಡದಾಗಿ, ರಸ್ತೆ ಅಲೆಯಾಡಿದಂತೆ ಕಾಣುತ್ತದೆ, ತಲೆನೋವು ಬರುತ್ತದೆ. ಮೇಲಿನ ಕೋಟಿಂಗ್ ಅಂತೂ ಮೊದಲ ಉಜ್ಜಿಗೇ ಹೋಗುತ್ತದೆ.

ಇನ್ನೂ ಮುಖ್ಯವಾದ ವಿಷಯ ಅತಿನೇರಳೆ ಕಿರಣದ್ದು. ಲೆನ್ಸ್ ಕಪ್ಪಗಿದೆ ಎಂದ ಮಾತ್ರಕ್ಕೆ ಅದು ಈ ಕಿರಣ ತಡೆಯುತ್ತದೆ ಎನ್ನುವಂತಿಲ್ಲ. ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ ಬಣ್ಣವಿಲ್ಲದೆಯೂ ಹೆಚ್ಚುಕಮ್ಮಿ ಎಲ್ಲವನ್ನೂ ತಡೆಯುತ್ತದೆ. ಕಪ್ಪು ಬಳಿದ ಅಗ್ಗದ ಪ್ಲಾಸ್ಟಿಕ್ ಬಿಟ್ಟುಬಿಡಬಹುದು. ಕತ್ತಲೆ ಎಂದುಕೊಂಡು ಕಣ್ಣಿನ ಪಾಪೆ ಅಗಲವಾಗುತ್ತದೆ, ಕಿರಣ ಇನ್ನೂ ಜಾಸ್ತಿ ಒಳಗೆ ಹೋಗುತ್ತದೆ. ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿರುವ ನಮ್ಮೂರಿನಲ್ಲಿ, ಪಾವಗಡದಂಥ ಬಿಸಿಲಿನ ತಾಲ್ಲೂಕು ಇರುವ ಜಿಲ್ಲೆಯಲ್ಲಿ, ಇದು ಸಣ್ಣ ಮಾತಲ್ಲ. ಏಪ್ರಿಲ್ ಮಧ್ಯಾಹ್ನ ಇಲ್ಲಿನ ಅತಿನೇರಳೆ ಸೂಚ್ಯಂಕ 11 ದಾಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಅದು ಅತ್ಯಂತ ಅಪಾಯದ ಮಟ್ಟ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ನೋಟು ಪರೀಕ್ಷಿಸುವ ಯುವಿ (ಅತಿನೇರಳೆ) ಟಾರ್ಚ್ ತನ್ನಿ, 365 ನ್ಯಾನೋಮೀಟರಿನದಾದರೆ ಒಳ್ಳೆಯದು. ಕತ್ತಲೆ ಕೋಣೆಯಲ್ಲಿ 500 ರೂಪಾಯಿ ನೋಟಿನ ಮೇಲೆ ಬಿಟ್ಟರೆ ಕೆಲವು ಗುರುತುಗಳು ಹೊಳೆಯುತ್ತವೆ. ಈಗ ಟಾರ್ಚಿಗೂ ನೋಟಿಗೂ ನಡುವೆ ಲೆನ್ಸ್ ಹಿಡಿಯಿರಿ, ಆದರೆ ನೋಟನ್ನು ಪಕ್ಕದಿಂದ ನೋಡಿ, ಲೆನ್ಸಿನ ಮೂಲಕ ಬೇಡ. ಹೊಳಪು ಪೂರ್ತಿ ಆರಿದರೆ ಲೆನ್ಸ್ ತಡೆಯುತ್ತಿದೆ. ಉಳಿದರೆ ಆ ಲೆನ್ಸ್ ಕಸದ ಬುಟ್ಟಿಗೆ. ಟಾರ್ಚನ್ನು ಯಾರ ಕಣ್ಣಿಗೂ ಬಿಡಬೇಡಿ. ಪೂರ್ತಿ ಖಾತ್ರಿ ಬೇಕಿದ್ದರೆ ಮೀಟರ್ ಇರುವ ಕನ್ನಡಕದ ಅಂಗಡಿಯಲ್ಲಿ ಅಳೆಸಿ.

ಒಂದಕ್ಕೆ ಮಾತ್ರ ನಾನು ವಿನಾಯಿತಿ ಕೊಡುತ್ತೇನೆ. ರೇ-ಬ್ಯಾನ್ ಬ್ರ್ಯಾಂಡ್ 1999ರಲ್ಲಿ ಇಟಲಿಯ ಲಕ್ಸೋಟಿಕಾ ಕಂಪನಿಯ ಕೈಗೆ ಹೋಗುವ ಮೊದಲು ಅಮೆರಿಕದ ಬಾಷ್ ಅಂಡ್ ಲಾಂಬ್ ಕಂಪನಿ ಅದನ್ನು ನಡೆಸುತ್ತಿತ್ತು. ಅವರ ಹಸಿರುಗಪ್ಪು ಜಿ-15 ಗಾಜು ಕಣ್ಣಿಗೆ ಕಾಣುವ ಬೆಳಕಿನಲ್ಲಿ ಶೇ. 15ರಷ್ಟನ್ನು ಮಾತ್ರ ಬಿಡುತ್ತದೆ. ಅದರ ಅಂಚಿನಲ್ಲಿ ‘ಬಿಎಲ್’ ಎಂದು ತೀರಾ ಸಣ್ಣದಾಗಿ ಕೆತ್ತಿರುತ್ತಾರೆ. ಗೀರಿಲ್ಲದ ಅಂಥ ಗಾಜು ಸಿಕ್ಕಿ, ಪರೀಕ್ಷೆಯಲ್ಲೂ ಪಾಸಾದರೆ ಇಟ್ಟುಕೊಳ್ಳಿ.

ಹೊಸ ಲೆನ್ಸ್ ಹಾಕಿಸುವಾಗ ನಿಮ್ಮ ರುಚಿಗೆ ಜಾಗವಿದೆ. ಸಿಆರ್-39 ಎಂಬ ಪ್ಲಾಸ್ಟಿಕ್ ಲೆನ್ಸನ್ನು ಕುದಿಯುವಷ್ಟು ಬಿಸಿಯಾದ ಬಣ್ಣದ ನೀರಿನಲ್ಲಿ ಅದ್ದಿದರೆ ಬಣ್ಣ ಅದರ ಮೈಗೆ ಇಳಿಯುತ್ತದೆ. ತಲೆಕೆಳಗಾಗಿ ಅದ್ದಿ ನಿಧಾನಕ್ಕೆ ಮೇಲೆತ್ತುತ್ತಾ ಹೋದರೆ, ಹಾಕಿಕೊಂಡಾಗ ಮೇಲೆ ಗಾಢ, ಕೆಳಗೆ ತಿಳಿ. ಬೂದು ಬಣ್ಣದಲ್ಲಿ ಲೋಕದ ಬಣ್ಣಗಳು ಹೆಚ್ಚು ಬದಲಾಗುವುದಿಲ್ಲ. ಕಂದು ಬಣ್ಣ ನೀಲಿಯನ್ನು ತಗ್ಗಿಸಿ ಅಂಚುಗಳನ್ನು ಚುರುಕಾಗಿ ತೋರಿಸುತ್ತದೆ. ಶೇ. 8ಕ್ಕಿಂತ ಕಡಿಮೆ ಬೆಳಕು ಬಿಡುವ ಲೆನ್ಸ್ ಹಾಕಿ ಗಾಡಿ ಓಡಿಸಬಾರದು.

ಬಿಚ್ಚಿದ ಹಳೇ ಲೆನ್ಸ್ ಪೋಲರಾಯ್ಡ್ ಆಗಿದ್ದರೆ ಎಸೆಯಬೇಡಿ, ಹಾಕಿಕೊಳ್ಳೋಕಲ್ಲ, ಹೊಸ ಲೆನ್ಸ್ ಸರಿಯಾಗಿ ಕೂತಿದೆಯಾ ಎಂದು ನೋಡೋಕೆ ಬರುತ್ತದೆ. ಅಮಾನಿಕೆರೆಯ ನೀರಿನ ಮೇಲಿಂದ ಕಣ್ಣಿಗೆ ಹೊಡೆಯುವ ಬೆಳಕಿನ ಅಲೆಗಳು ಹೆಚ್ಚಾಗಿ ಅಡ್ಡಡ್ಡ ಕಂಪಿಸುತ್ತವೆ, ಈ ಲೆನ್ಸ್ ಅವನ್ನೇ ತಡೆಯುತ್ತದೆ. ಲ್ಯಾಪ್‌ಟಾಪ್ ಪರದೆಯ ಬೆಳಕೂ ಹೀಗೆ ಒಂದೇ ದಿಕ್ಕಿನದು. ಪರದೆಯಲ್ಲಿ ಬಿಳಿ ಪುಟ ತೆರೆದು, ಅದರ ಮುಂದೆ ಹಳೇ ಲೆನ್ಸನ್ನು ಪರದೆ ಕಪ್ಪಾಗಿ ಕಾಣುವ ತನಕ ತಿರುಗಿಸಿ. ಎರಡರ ನಡುವೆ ನೀವು ಹೊಸದಾಗಿ ಪಾಲಿಕಾರ್ಬೊನೇಟ್ ಲೆನ್ಸ್ ಕೂರಿಸಿದ ಫ್ರೇಮ್ ಹಿಡಿಯಿರಿ. ಅದೂ ಪೋಲರಾಯ್ಡ್ ಆಗಿರಬಾರದು ಅಷ್ಟೆ. ಲೆನ್ಸಿನ ಮೇಲೆ ಕಾಮನಬಿಲ್ಲಿನ ಬಣ್ಣಗಳು ಮೂಡುತ್ತವೆ. ಅಚ್ಚಿನಲ್ಲಿ ಎರಕ ಹೊಯ್ಯುವಾಗ ಉಳಿದ ಸೆಳೆತದಿಂದ ಒಂದಷ್ಟು ಬಣ್ಣ ಇದ್ದೇ ಇರುತ್ತದೆ. ಅಂಚಿನ ಒಂದು ಕಡೆ ಮಾತ್ರ ಪಟ್ಟೆಗಳು ಒತ್ತೊತ್ತಾಗಿ ಕಂಡರೆ ಫ್ರೇಮ್ ಅಲ್ಲಿ ಲೆನ್ಸನ್ನು ಹಿಂಡುತ್ತಿದೆ. ಅಂಗಡಿಯವರಿಗೆ ಆ ಜಾಗ ತೋರಿಸಿ, ಅಂಚನ್ನು ಕೂದಲೆಳೆಯಷ್ಟು ತೇಯಿಸಿಕೊಂಡು ಬನ್ನಿ.